ಕಾಡಂಚಿನ ಲಂಟಾನ ಮತ್ತು ಸೊನೋರಾ ಮರುಭೂಮಿಯ ಹುಲ್ಲು: ಬೆಂಕಿ ಬೀಳುವ ಮೊದಲೇ ಊರವರು ಮಾಡಬಹುದಾದದ್ದೇನು?

ಪ್ರಶ್ನೆ (ಕೊಡಗಿನ ತಿತಿಮತಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ನಾಗರಹೊಳೆ ಕಾಡಿನ ಅಂಚಿನಲ್ಲಿದೆ. ಶಿವರಾತ್ರಿಯ ಹೊತ್ತಿಗೆ ಬೇಲಿಯಾಚೆಯ ಲಂಟಾನ ಒಣಗಿ, ಕೈಯಿಟ್ಟರೆ ಮುರಿಯುವ ಕಡ್ಡಿಯಾಗುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವವರೆಗೂ ನೆಮ್ಮದಿಯಿಲ್ಲ. ಬೆಂಕಿ ಬಿದ್ದ ಮೇಲೆ ಹಸಿ ಸೊಪ್ಪು ಹಿಡಿದು ಬಡಿಯಲು ಓಡುವುದು ನಮಗೆಲ್ಲ ರೂಢಿಯಾಗಿದೆ. ಆದರೆ ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಸೊನೋರಾ ಮರುಭೂಮಿಯಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದ ಜನರು ಬೆಂಕಿಗೆ ಮುಂಚೆಯೇ ಬೆಟ್ಟ ಹತ್ತಿ ಹುಲ್ಲು ಕೀಳುತ್ತಾರೆಂದು ಓದಿದೆ. ಮರುಭೂಮಿಯಲ್ಲಿ ಉರಿಯಲು ಏನಿದೆ? ಆ ಕ್ರಮ ನಮ್ಮಲ್ಲಿ ನಡೆದೀತೇ?

ಉತ್ತರ 1 (ಸಸ್ಯಶಾಸ್ತ್ರದ ಅಧ್ಯಾಪಕಿ, ಮಡಿಕೇರಿ)

ಅದು ಬರಿ ಮರಳಿನ ಸೀಮೆಯಲ್ಲ. ಸಗ್ವಾರೊ ಎಂಬ ಕಂಬದಂಥ ಕಳ್ಳಿಗಳೂ ಮುಳ್ಳುಮರಗಳೂ ಇರುವ ನೆಲ. ಗಿಡಗಳ ನಡುವೆ ಬರಿ ನೆಲವಿರುತ್ತಿದ್ದುದರಿಂದ, ಸಿಡಿಲು ಬಡಿದು ಒಂದು ಗಿಡ ಹೊತ್ತಿಕೊಂಡರೂ ಬೆಂಕಿ ಅಲ್ಲಿಯೇ ನಂದುತ್ತಿತ್ತು. ಆ ತೆರವನ್ನು ತುಂಬಿದ್ದು ಬಫೆಲ್ ಹುಲ್ಲು. ಆಫ್ರಿಕದ ಹಾಗೂ ನಮ್ಮ ರಾಜಸ್ಥಾನದಂಥ ಒಣ ಪ್ರದೇಶಗಳ ಮೇವಾದ ಇದನ್ನು (ಇಲ್ಲಿ ಅಂಜನ್ ಹುಲ್ಲು ಎನ್ನುತ್ತಾರೆ) 1930 ಮತ್ತು 40ರ ದಶಕಗಳಲ್ಲಿ ಮಣ್ಣಿನ ಸವಕಳಿ ತಡೆಯಲೆಂದು, ದನಗಳ ಮೇವಿಗೆಂದು ಅಲ್ಲಿನವರೇ ತಂದು ಬಿತ್ತಿದರು. ಸುಟ್ಟರೂ ಇದು ಬುಡದಿಂದ ಚಿಗುರುತ್ತದೆ. ಮೊದಲ ಎಂಟು ವರ್ಷಗಳಲ್ಲಿ ಒಂದೆರಡು ಅಂಗುಲವಷ್ಟೇ ಬೆಳೆಯುವ ಸಗ್ವಾರೊಗೆ ಬೆಂಕಿಯನ್ನು ತಾಳುವ ಗುಣವಿಲ್ಲ. ಬೆಂದ ಕಳ್ಳಿ ಕೆಲವು ವರ್ಷ ನಿಂತಿದ್ದು, ಆಮೇಲೆ ಸಾಯುವುದೂ ಉಂಟು.

2020ರ ಜೂನ್‌ನಲ್ಲಿ ಟೂಸಾನ್ ಪಕ್ಕದ ಸಾಂಟಾ ಕಾಟಲಿನಾ ಬೆಟ್ಟಗಳಲ್ಲಿ ಸಿಡಿಲಿನಿಂದ ಹೊತ್ತಿದ ಬಿಗ್‌ಹಾರ್ನ್ ಬೆಂಕಿ ಸುಮಾರು 1,20,000 ಎಕರೆಯನ್ನು ಸುಟ್ಟಿತು. ಮೇಲಿನ ಕಾಡನ್ನಷ್ಟೇ ಅಲ್ಲದೆ ಬುಡದ ಸಗ್ವಾರೊ ಇಳಿಜಾರುಗಳನ್ನೂ ಮುಟ್ಟಿತು. ಅಲ್ಲಿ 2000ದಿಂದ ಸ್ವಯಂಸೇವಕರ ತಂಡವೊಂದು ಹಾರೆ, ಪಿಕಾಸಿ ಹಿಡಿದು ಕಲ್ಲುಗಳ ಸಂದಿನಿಂದ ಈ ಹುಲ್ಲಿನ ಬುಡಗಳನ್ನು ಎಬ್ಬಿಸುತ್ತ ಬಂದಿದೆ. ಬೀಜ ಮಣ್ಣಿನಲ್ಲಿ ಉಳಿಯುವುದರಿಂದ ಕಿತ್ತ ಜಾಗಕ್ಕೇ ವರ್ಷ ವರ್ಷವೂ ಮರಳಬೇಕು. ನನ್ನ ದೃಷ್ಟಿಯಲ್ಲಿ ಅವರಿಂದ ಕಲಿಯಬೇಕಾದದ್ದು ಈ ಪಟ್ಟನ್ನೇ. ಅರಿಜೋನಾ ರಾಜ್ಯ 2005ರಲ್ಲಿ ಇದನ್ನು ಹಾನಿಕಾರಕ ಕಳೆಯೆಂದು ಸಾರಿತು. ಗಡಿಯಾಚೆ ಮೆಕ್ಸಿಕೊದ ಸೊನೋರಾ ರಾಜ್ಯದ ದನಗಾಹಿಗಳಿಗಾದರೋ ಅದು ಬೇಕಾದ ಮೇವು. ಹೀಗಾಗಿ ಒಂದೇ ಕಡೆಯ ದುಡಿಮೆಯಿಂದ ಅದು ಮುಗಿಯುವುದಿಲ್ಲ.

ಉತ್ತರ 2 (ಕಾಫಿ ಬೆಳೆಗಾರ, ಕುಟ್ಟ)

ಮೇಡಂ ಹೇಳಿದ ಗಡಿಯ ಮಾತು ನಮಗೂ ಹೊಂದುತ್ತದೆ. ಇಲ್ಲಿಂದ ವಯನಾಡು ಕೂಗಳತೆಯಲ್ಲಿದೆ, ಬೆಂಕಿ ಯಾವ ಕಡೆ ಹುಟ್ಟಿದರೂ ಎರಡೂ ಕಡೆಯವರು ಓಡಬೇಕು.

ಆದರೆ ಲಂಟಾನದ ಕೆಲಸ ಬೇರೆ. ಮೇಲಿನಿಂದ ಕತ್ತಿಯಲ್ಲಿ ಸವರಿದರೆ ಮತ್ತಷ್ಟು ದಟ್ಟವಾಗಿ ಚಿಗುರುತ್ತದೆ. ನೆಲಮಟ್ಟಕ್ಕಿಂತ ಎರಡು ಅಂಗುಲ ಕೆಳಗೆ ಬೇರನ್ನು ಕಡಿದು, ಪೊದೆಯನ್ನು ಎತ್ತಿ ಬುಡ ಮೇಲಾಗಿ ಮಗುಚಿ ಒಣಗಲು ಬಿಡಬೇಕು. ಮಣ್ಣು ಮೆತ್ತಗಿರುವಾಗ, ಅಂದರೆ ಸೆಪ್ಟೆಂಬರ್ ಆರಂಭದ ಕೈಲು ಮುಹೂರ್ತ ಹಬ್ಬ ಕಳೆದು ಕಾಫಿ ಕೊಯ್ಲು ಹಿಡಿಯುವ ಮೊದಲು, ಇದು ಸುಲಭ; ಆಳುಗಳೂ ಆಗ ಸಿಗುತ್ತಾರೆ. ಹಣ್ಣು ತಿಂದ ಹಕ್ಕಿಗಳು ಬೀಜ ಹರಡುವುದರಿಂದ ಮರುವರ್ಷ ಸಸಿಗಳನ್ನು ಕೀಳಲೇಬೇಕು. ಲಕ್ಷ್ಮಣತೀರ್ಥಕ್ಕೆ ಇಳಿಯುವ ತೋಡುಗಳ ಪಕ್ಕದಲ್ಲಿ ಕಳೆನಾಶಕ ಹೊಡೆಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಲಂಟಾನ ದಟ್ಟವಾಗಿರುವಲ್ಲಿ ಎರಡು ಮಾರು ದೂರದಲ್ಲಿ ಆನೆ ನಿಂತರೂ ಕಾಣುವುದಿಲ್ಲ. ಆದ್ದರಿಂದ ಒಬ್ಬರೇ ಹೋಗಬೇಡಿ. ಆನೆಯ ದಾರಿ ಬಲ್ಲ ಜೇನುಕುರುಬ ಹಿರಿಯರಿಗೆ ಸರಿಯಾದ ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ. ಮೊದಲು ಅವರ ಮಾತು ಕೇಳಿ, ಆಮೇಲೆ ಕತ್ತಿ ಎತ್ತಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನಮ್ಮ ಸ್ವಂತ ಬಾಣೆಯಿಂದಲೇ (ಗದ್ದೆಗೆ ಸೇರಿದ ಮರಗಿಡಗಳ ಜಮೀನು) ಆರಂಭಿಸಿ, ರಸ್ತೆಬದಿಯ ಪಟ್ಟಿಯನ್ನು ಕೈಗೆತ್ತಿಕೊಳ್ಳಲು ಅನುಮತಿ ಕೊಡಿಸುವಂತೆ ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇವೆ. ಮಗುಚಿದ ಪೊದೆಗಳು ಬೇಸಿಗೆಯಲ್ಲಿ ಅಲ್ಲೇ ಒಣಗಿ ಬಿದ್ದಿದ್ದರೆ ಅವೇ ಬೆಂಕಿಗೆ ಸೌದೆಯಾಗುವುದಿಲ್ಲವೇ? ಅವನ್ನು ಸಾಗಿಸಲು ನೀವು ಏನು ಮಾಡುತ್ತೀರಿ, ಅಣ್ಣ?

ಉತ್ತರ 2ರವರು

ಖಂಡಿತ ಆಗುತ್ತದೆ. ಜನವರಿಯೊಳಗೆ ಬೇಲಿಯಿಂದ ದೂರ ಎಳೆದು, ತೋಟದ ಒಳಗಿನ ತಂಪು ಜಾಗದಲ್ಲಿ ಕಡಿದು ಹಾಕುತ್ತೇವೆ. ಗಟ್ಟಿ ಕಾಂಡಗಳು ಒಲೆಗೆ ಆಗುತ್ತವೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಿಂದ ಕುರ್ಚಿ, ಬುಟ್ಟಿಗಳನ್ನು ಮಾಡುತ್ತಾರೆ. ನಿಮ್ಮ ಊರಿನಲ್ಲಿ ಹೆಣೆಯುವ ಕೈಗಳಿದ್ದರೆ ಅದನ್ನೂ ಗ್ರಾಮಸಭೆಯಲ್ಲಿ ಪ್ರಸ್ತಾಪಿಸಿ.