ಪ್ರಶ್ನೋತ್ತರ: ರಾತ್ರಿ ಚಿತ್ರಗಳಲ್ಲಿ ಕಾಳು, ಚುಕ್ಕೆ, ಗೆರೆ

ನಿರ್ವಾಹಕ: ಕ್ಯಾಮೆರಾ ದುರಸ್ತಿ ಮಾಡುವ ತಂತ್ರಜ್ಞರೊಬ್ಬರು ಈ ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ಮಂದ ಬೆಳಕು, ದೀರ್ಘ ಎಕ್ಸ್‌ಪೋಷರ್ (ಷಟರನ್ನು ಬಹಳ ಹೊತ್ತು ತೆರೆದಿಟ್ಟು ತೆಗೆಯುವುದು), ನಾಯ್ಸ್ (ಚಿತ್ರದಲ್ಲಿ ಬೇಡದ ಕಾಳು, ಚುಕ್ಕೆ) ಕುರಿತು ಮಾತ್ರ ಕೇಳಿ.

ಕುಂದಾಪುರದ ಸದಸ್ಯ: ನಮಸ್ಕಾರ ಸರ್. ಬಯಲಾಟದ ಚಿತ್ರ ತೆಗೆಯುತ್ತೇನೆ. ಐಎಸ್‌ಒ 6400 ಇಟ್ಟರೆ ಕಪ್ಪು ಭಾಗವೆಲ್ಲ ಕಾಳು ಕಾಳಾಗಿ ಕಾಣುತ್ತದೆ. 800ಕ್ಕೆ ಇಳಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ತಂತ್ರಜ್ಞ: ನಮಸ್ಕಾರ. ಸರಿಹೋಗುವುದಿಲ್ಲ, ಹಲವು ಕ್ಯಾಮೆರಾಗಳಲ್ಲಿ ಇನ್ನೂ ಕೆಡುತ್ತದೆ. ಕಾಳು ಹುಟ್ಟುವುದು ಬೆಳಕಿನ ಕೊರತೆಯಿಂದ, ಐಎಸ್‌ಒ ಸಂಖ್ಯೆಯಿಂದಲ್ಲ. ಐಎಸ್‌ಒ ಎಂದರೆ ಹಿಡಿದ ಬೆಳಕನ್ನು ಚಿತ್ರದಲ್ಲಿ ಎಷ್ಟು ಹೆಚ್ಚಿಸಿ ತೋರಿಸಬೇಕು ಎಂಬ ಸಂಖ್ಯೆ. ಸೆನ್ಸರ್ ಎಂಬ ಬೆಳಕು ಹಿಡಿಯುವ ಚಿಪ್‌ನ ಒಂದು ಪಿಕ್ಸೆಲ್ 10,000 ಫೋಟಾನ್ (ಬೆಳಕಿನ ಕಣ) ಹಿಡಿದರೆ ಏರಿಳಿತ ಸುಮಾರು 100, ಅಂದರೆ ಶೇಕಡ 1. ಹಿಡಿದದ್ದು 100 ಮಾತ್ರವಾದರೆ ಏರಿಳಿತ 10, ಅಂದರೆ ಶೇಕಡ 10. ಈ ಏರಿಳಿತವೇ ಕಾಳು. ಎಫ್ 4 ಲೆನ್ಸ್ ಬಿಟ್ಟು ಎಫ್ 1.8 ಹಾಕಿ, ಎಫ್ ಸಂಖ್ಯೆ ಇಳಿದಷ್ಟೂ ಕಿಂಡಿ ದೊಡ್ಡದು, ಹೆಚ್ಚುಕಡಿಮೆ ಐದು ಪಟ್ಟು ಬೆಳಕು ಸಿಗುತ್ತದೆ. ವೇಷಧಾರಿ ಅರ್ಥ ಹೇಳುತ್ತಾ ನಿಂತಿರುವಾಗ ಷಟರ್ 1/125 ಸೆಕೆಂಡ್ ಸಾಕು. ಧೀಂಗಿಣಕ್ಕೆ, ಅಂದರೆ ಗಿರಕಿ ಕುಣಿತಕ್ಕೆ, ಸಾಲದು.

ತುಮಕೂರಿನ ಸದಸ್ಯ: ಸರ್, ಐಎಸ್‌ಒ ಕಡಿಮೆ ಇಟ್ಟರೆ ನಾಯ್ಸ್ ಕಡಿಮೆಯಾಗುತ್ತದೆ ಅಲ್ಲವೇ?

ತಂತ್ರಜ್ಞ: ಈಗಷ್ಟೇ ಉತ್ತರಿಸಿದ್ದೇನೆ. ಮೇಲೆ ಓದಿ.

ಹೊಸಪೇಟೆಯ ಸದಸ್ಯ: ಹಂಪಿಯಲ್ಲಿ 30 ಸೆಕೆಂಡಿನ ಚಿತ್ರಗಳನ್ನು ಸಾಲಾಗಿ ತೆಗೆದು ಜೋಡಿಸಿದೆ. ನಕ್ಷತ್ರದ ಗೆರೆಗಳು ತುಂಡು ತುಂಡಾಗಿ ಬಂದಿವೆ.

ತಂತ್ರಜ್ಞ: ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಎಂಬ ಸೆಟ್ಟಿಂಗ್ ಆನ್ ಇದೆ. ಪ್ರತಿ ಚಿತ್ರದ ನಂತರ ಕ್ಯಾಮೆರಾ ಷಟರ್ ಮುಚ್ಚಿಕೊಂಡು ಇನ್ನೊಂದು 30 ಸೆಕೆಂಡಿನ ಕಪ್ಪು ಚಿತ್ರ ತೆಗೆದು, ಅದನ್ನು ಮೊದಲಿನದರಿಂದ ಕಳೆಯುತ್ತದೆ. ಅಷ್ಟರಲ್ಲಿ ನಕ್ಷತ್ರ ಮುಂದೆ ಹೋಗಿರುತ್ತದೆ. ಆಫ್ ಮಾಡಿ. ಕೊನೆಯಲ್ಲಿ ಅದೇ ಐಎಸ್‌ಒ, ಅದೇ ಅವಧಿಯಲ್ಲಿ ಲೆನ್ಸ್ ಮುಚ್ಚಳ ಹಾಕಿ ಕೆಲವು ಕಪ್ಪು ಚಿತ್ರ ತೆಗೆದುಕೊಂಡು, ಅವುಗಳ ಸರಾಸರಿಯನ್ನು ಕಳೆಯಿರಿ.

ಉಡುಪಿಯ ಸದಸ್ಯ: ಕ್ಯಾಮೆರಾವನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ ಎಂದು ಒಂದು ಸಂದೇಶ ಬಂದಿದೆ. ಹಂಚಿಕೊಳ್ಳುತ್ತಿದ್ದೇನೆ.

ತಂತ್ರಜ್ಞ: ದಯವಿಟ್ಟು ಹಂಚಬೇಡಿ. ತಣ್ಣಗಿನ ಸೆನ್ಸರ್‌ನಲ್ಲಿ ಚುಕ್ಕೆಗಳು ಕಡಿಮೆ, ಅದು ನಿಜ. ವೀಕ್ಷಣಾಲಯಗಳಲ್ಲಿ ಸೆನ್ಸರನ್ನು ನಿರ್ವಾತದ ಪೆಟ್ಟಿಗೆಯೊಳಗಿಟ್ಟು ತಂಪು ಮಾಡುತ್ತಾರೆ. ನಿಮ್ಮ ಫ್ರಿಜ್ಜಿನಿಂದ ಹೊರಬಂದ ಕ್ಯಾಮೆರಾದ ಮೇಲೆ ಉಡುಪಿಯ ಸೆಕೆಗೆ ಒಳಗೂ ಹೊರಗೂ ನೀರು ಕಟ್ಟುತ್ತದೆ. ಆಮೇಲೆ ಲೆನ್ಸಿಗೆ ಫಂಗಸ್.

ಹಾಸನದ ಸದಸ್ಯೆ: ಸರ್, ಗಣೇಶ ವಿಸರ್ಜನೆಯ ಮೆರವಣಿಗೆಯ ವಿಡಿಯೊ ತೆಗೆದೆ. ಡಿಜೆ ವಾಹನದ ಮೇಲೆ ಹಸಿರು ಲೇಸರ್ ಇತ್ತು. ಅಂದಿನಿಂದ ರಾತ್ರಿ ಚಿತ್ರಗಳಲ್ಲೆಲ್ಲ ಮೇಲಿನಿಂದ ಕೆಳಗೆ ಒಂದು ತೆಳು ಗೆರೆ, ಅದರ ನಡುವೆ ಬಿಳಿ ಚುಕ್ಕೆ. ನಾಯ್ಸ್ ತೆಗೆಯುವ ತಂತ್ರಾಂಶಕ್ಕೂ ಜಗ್ಗುತ್ತಿಲ್ಲ.

ತಂತ್ರಜ್ಞ: ಮೇಡಂ, ಮೊದಲು ಕಣ್ಣಿನ ಮಾತು. ಆ ಕಿರಣ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ನೋಟದಲ್ಲಿ ಮಸುಕು ಅಥವಾ ಕದಲದ ಕಪ್ಪು ಕಲೆ ಇದ್ದರೆ ಕ್ಯಾಮೆರಾ ಹಾಗಿರಲಿ, ಕಣ್ಣಿನ ವೈದ್ಯರನ್ನು ನೋಡಿ.

ಇದು ನಾಯ್ಸ್ ಇರಲಾರದು. ಕಾಳು ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತದೆ. ದೀರ್ಘ ಎಕ್ಸ್‌ಪೋಷರ್‌ನಲ್ಲಿ ಕಾಣುವ ಕೆಂಪು, ಹಸಿರು, ನೀಲಿ ಚುಕ್ಕೆಗಳು ಜಾಗ ಬದಲಿಸುವುದಿಲ್ಲ, ಆದರೆ ಅವಧಿ ಮತ್ತು ಬಿಸಿ ಹೆಚ್ಚಿದಂತೆ ಹೆಚ್ಚುತ್ತವೆ. ಸೆನ್ಸರ್ 6ರಿಂದ 8 ಡಿಗ್ರಿ ಬಿಸಿಯೇರಿದರೆ ಅವುಗಳ ಮೂಲವಾದ ಸೋರಿಕೆ ವಿದ್ಯುತ್ ಸುಮಾರು ಇಮ್ಮಡಿಯಾಗುತ್ತದೆ. ನಿಮ್ಮದು ಈ ಎರಡೂ ಅಲ್ಲ ಎನಿಸುತ್ತದೆ. ಲೆನ್ಸ್ ಲೇಸರ್ ಕಿರಣವನ್ನು ಸೆನ್ಸರ್‌ನ ಒಂದು ಬಿಂದುವಿಗೆ ಕೂಡಿಸಿ ಸುಡುತ್ತದೆ. ಸುಟ್ಟ ಜಾಗವೇ ಚುಕ್ಕೆ. ಆ ಪಿಕ್ಸೆಲ್‌ಗಳ ಸಾಲನ್ನು ಓದುವ ವಿದ್ಯುತ್ ಮಂಡಲಕ್ಕೂ ಪೆಟ್ಟಾದರೆ ಇಡೀ ಸಾಲು ಗೆರೆಯಾಗುತ್ತದೆ. ವಿಡಿಯೊ ತೆಗೆಯುವಾಗ ಸೆನ್ಸರ್ ಮುಂದೆ ಷಟರ್ ಸದಾ ತೆರೆದಿರುವುದರಿಂದ ಅಪಾಯ ಹೆಚ್ಚು.

ಹಗಲಿನಲ್ಲಿ ಬಿಳಿ ಗೋಡೆಯನ್ನು ಐಎಸ್‌ಒ 100, 1/500ರಲ್ಲಿ ತೆಗೆಯಿರಿ. ಲೆನ್ಸ್ ಬದಲಿಸಿ ಇನ್ನೊಂದು. ಮುಚ್ಚಳ ಹಾಕಿ 30 ಸೆಕೆಂಡಿನದು ಮತ್ತೊಂದು. ಮೂರರಲ್ಲೂ ಅದೇ ಜಾಗದಲ್ಲಿ ಗುರುತು ಇದೆಯೇ ಎಂದು ತಿಳಿಸಿ.

ದಾವಣಗೆರೆಯ ಸದಸ್ಯ: ಸುಮ್ಮನೆ ಹೆದರಿಸಬೇಡಿ. ನಾನು ಎಷ್ಟೋ ಲೇಸರ್ ಶೋ ತೆಗೆದಿದ್ದೇನೆ, ಏನೂ ಆಗಿಲ್ಲ.

ತಂತ್ರಜ್ಞ: ಕಿರಣ ನೇರ ಬಿದ್ದಿಲ್ಲ, ಅಷ್ಟೇ.

ಮೈಸೂರಿನ ಸದಸ್ಯ: ಇಷ್ಟೆಲ್ಲ ಯಾಕೆ? ನನ್ನ ಮೊಬೈಲಿನ ನೈಟ್ ಮೋಡ್‌ನಲ್ಲಿ ಒಂದು ಕಾಳೂ ಇಲ್ಲ. ಲಕ್ಷ ರೂಪಾಯಿ ಸುರಿದವರು ನೋಡಿಕೊಳ್ಳಿ.

ದಾವಣಗೆರೆಯ ಸದಸ್ಯ: ಮೊಬೈಲ್ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಮುಖಕ್ಕೆ ಮೇಣ ಬಳಿದ ಹಾಗಿರುತ್ತದೆ.

ಮೈಸೂರಿನ ಸದಸ್ಯ: ಜನ ನೋಡುವುದೂ ಮೊಬೈಲಿನಲ್ಲೇ ಸ್ವಾಮಿ. ದೊಡ್ಡದು ಮಾಡಿ ನೋಡುವುದು ನಿಮ್ಮಂಥವರು ಮಾತ್ರ.

ದಾವಣಗೆರೆಯ ಸದಸ್ಯ: ಹಾಗಾದರೆ ಮದುವೆಯನ್ನೂ ಮೊಬೈಲಿನಲ್ಲೇ ತೆಗೆಸಿ. ಹೆಣ್ಣಿನ ಕಡೆಯವರು ಏನು ಹೇಳುತ್ತಾರೋ ನೋಡೋಣ.

ತಂತ್ರಜ್ಞ: ಇಬ್ಬರೂ ಒಂದು ನಿಮಿಷ ಸುಮ್ಮನಿರಿ. ನೈಟ್ ಮೋಡ್ ಹಲವು ಚಿತ್ರಗಳನ್ನು ತೆಗೆದು, ಹೊಂದಿಸಿ, ಸರಾಸರಿ ಮಾಡುತ್ತದೆ. 16 ಚಿತ್ರ ಸೇರಿಸಿದರೆ ಕಾಳು ಕಾಲು ಭಾಗಕ್ಕೆ ಇಳಿಯುತ್ತದೆ. ಟ್ರೈಪಾಡ್ ಇದ್ದರೆ ಯಾವ ಕ್ಯಾಮೆರಾದಲ್ಲಾದರೂ ನೀವೇ ಇದನ್ನು ಮಾಡಬಹುದು. ಕುಣಿಯುವ ವೇಷದ ಮುಂದೆ ಈ ಲೆಕ್ಕ ನಡೆಯುವುದಿಲ್ಲ.

ಕಾರವಾರದ ಸದಸ್ಯ: ಸೂರ್ಯೋದಯಕ್ಕೆ ಮುನ್ನ ಸಮುದ್ರದ 4 ನಿಮಿಷದ ಎಕ್ಸ್‌ಪೋಷರ್. ಹಳೆಯ ಡಿಎಸ್‌ಎಲ್‌ಆರ್. ನಡುವೆ ನೇರಳೆ ಪಟ್ಟೆ ಬಂದಿದೆ.

ತಂತ್ರಜ್ಞ: ವ್ಯೂಫೈಂಡರ್‌ನಿಂದ (ಕಣ್ಣಿಟ್ಟು ನೋಡುವ ಕಿಂಡಿಯಿಂದ) ಬೆಳಕು ನುಸುಳಿರಬೇಕು. ಮುಚ್ಚಿ, ಇನ್ನೊಮ್ಮೆ ತೆಗೆಯಿರಿ.

ರಾಯಚೂರಿನ ಸದಸ್ಯ: ಫಿಲ್ಮ್ ಕ್ಯಾಮೆರಾದಲ್ಲಿ ರಾತ್ರಿ ಚಿತ್ರಕ್ಕೆ ಅವಧಿ ಲೆಕ್ಕ ಹಾಕುವುದು ಹೇಗೆ?

ಉಡುಪಿಯ ಸದಸ್ಯ: ಫ್ರಿಜ್ ಬೇಡವೆಂದಿರಿ. ಅಕ್ಕಿ ಡಬ್ಬಿಯಲ್ಲಿಟ್ಟು ತಂಪು ಮಾಡಬಹುದೇ?

ತಂತ್ರಜ್ಞ: ಅಕ್ಕಿಯನ್ನು ಅಡುಗೆಮನೆಯಲ್ಲೇ ಬಿಡಿ.

ತುಮಕೂರಿನ ಸದಸ್ಯ: ಒಟ್ಟಿನಲ್ಲಿ ಐಎಸ್‌ಒ ಎಷ್ಟು ಇಡಬೇಕು ಹೇಳಿ, ಸಾಕು.

ಮೈಸೂರಿನ ಸದಸ್ಯ: ಮೊಬೈಲ್ ಕೊಳ್ಳಿ, ಅದೇ ಇಟ್ಟುಕೊಳ್ಳುತ್ತದೆ.

ನಿರ್ವಾಹಕ: ಮೈಸೂರು, ದಾವಣಗೆರೆ ಇಬ್ಬರಿಗೂ ಕೊನೆಯ ಎಚ್ಚರಿಕೆ.

ಹಾಸನದ ಸದಸ್ಯೆ: ಸರ್, ಕಣ್ಣಿಗೆ ಏನೂ ತೊಂದರೆಯಿಲ್ಲ. ಮನೆಯ ಬಿಳಿ ಗೋಡೆಯ ಹಗಲಿನ ಚಿತ್ರ ಇತ್ತು, ಅದರಲ್ಲೂ ಗೆರೆ ಇದೆ. ಲೆನ್ಸ್ ಬದಲಿಸಿ ಈಗ ತೆಗೆದೆ, ಮುಚ್ಚಳ ಹಾಕಿಯೂ ತೆಗೆದೆ. ಅದೇ ಜಾಗ.

ತಂತ್ರಜ್ಞ: ಸುಟ್ಟಿದೆ ಮೇಡಂ. ಕೆಟ್ಟ ಪಿಕ್ಸೆಲ್ ಗುರುತಿಸಿ ಅಕ್ಕಪಕ್ಕದವುಗಳಿಂದ ತುಂಬುವ ಪಿಕ್ಸೆಲ್ ಮ್ಯಾಪಿಂಗ್, ಒಂಟಿ ಚುಕ್ಕೆಗಳನ್ನು ಮರೆಮಾಚುತ್ತದೆ, ಇಡೀ ಸಾಲನ್ನು ಸಾಮಾನ್ಯವಾಗಿ ಅಲ್ಲ. ಸೆನ್ಸರ್ ಬದಲಿಸುವ ಮೊದಲು ಹಳೆಯ ಬಾಡಿಯೊಂದರ (ಲೆನ್ಸ್ ಇಲ್ಲದ ಕ್ಯಾಮೆರಾದ) ಬೆಲೆ ವಿಚಾರಿಸಿ. ವಿಮೆ ಇದ್ದರೆ ಮೂರೂ ಚಿತ್ರಗಳನ್ನು ಇಟ್ಟುಕೊಳ್ಳಿ.

ಹಾಸನದ ಸದಸ್ಯೆ: ಇದ್ದ ಹಾಗೆಯೇ ಮಾರಿಬಿಡಲೇ?

ತಂತ್ರಜ್ಞ: ಗೆರೆ ತೋರಿಸಿ ಮಾರಿ. ತೋರಿಸದೆ ಮಾರಿದರೆ, ಕೊಂಡವರು ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೇ ಬರುತ್ತಾರೆ.