ಸವಿತಾ, ನಾಳೆ ಸೂಜಿ ತಪ್ಪಿಸಬೇಡ

ಸವಿತಾ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯೋ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತೆ ಅಂತ ಯಾರೋ ವಿಡಿಯೊ ಕಳಿಸಿದ್ದಾರೆ, ಪಾಪುಗೆ ನಾಳೆ ಹದಿನಾರು ತಿಂಗಳ ಸೂಜಿ ಇದೆ, ನಿಮ್ಮ ಮನೆಯವರು ಮೂರು ವರ್ಷ ತುಂಬಲಿ ಬಿಡು ಅಂತಾರೆ, ಏನ್ ಮಾಡ್ಲಿ ದೊಡ್ಡಮ್ಮ ಅಂತ ಕೇಳಿದ್ದೀಯ. ಮುಂದಕ್ಕೆ ಹಾಕಬೇಡ.

ಮುಳಬಾಗಿಲ ಚಿಕ್ಕಪ್ಪನ ಮನೇಲಿ ಆಗಿದ್ದು ಎಲ್ಲರಿಗೂ ಗೊತ್ತಲ್ಲ. ದೊಡ್ಡ ಹುಡುಗ ತಾತ, ಅತ್ತೆ ಅಂತಿದ್ದೋನು ಒಂದೂವರೆ ವರ್ಷಕ್ಕೆ ಅದನ್ನೂ ನಿಲ್ಲಿಸಿಬಿಟ್ಟ. ಆಟದ ಲಾರಿ ಮಗುಚಿಕೊಂಡು ಗಾಲಿ ತಿರುಗಿಸ್ತಾ ಕೂತಿರೋನು. ತಿಂಗಳ ಹಿಂದೆ ಸೂಜಿ ಹಾಕಿಸಿದ್ರು, ಅದರ ಮೇಲೇ ತಪ್ಪು ಹೊರಿಸಿದ್ರು. ಆಟಿಸಂ ಗುರುತು ಮನೆಯವರ ಕಣ್ಣಿಗೆ ಬೀಳೋದು ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ. ಎಂಎಂಆರ್‌ನಲ್ಲಿ ಮಂಗನಬಾವಿನದು ಬಿಟ್ರೆ ಎಂಆರ್, ನಾಳೆ ಪಾಪುಗೆ ಹಾಕೋದು ಅದೇ. ಎರಡನೇ ಎಂಆರ್ ಹಾಕೋದೂ 16ರಿಂದ 24 ತಿಂಗಳಲ್ಲೇ. ಅದಕ್ಕೇ ಜೊತೆಜೊತೆಗೆ ಕಾಣುತ್ತೆ. ಆ ಹುಡುಗನ ಮೊದಲ ಹುಟ್ಟುಹಬ್ಬದ ವಿಡಿಯೊ ನೋಡು, ಆ ಸೂಜಿಗಿಂತ ಎಷ್ಟೋ ಮುಂಚಿನದು: ಕೇಕಿನ ಮುಂದೆ ಎಲ್ಲರೂ ಹೆಸರು ಹಿಡಿದು ಕೂಗ್ತಿದ್ದಾರೆ, ಅವನ ಕಣ್ಣು ಫ್ಯಾನ್ ಬಿಟ್ಟು ಕದಲಲ್ಲ.

ಆಮೇಲೆ ಮೈಯಿಂದ ಪಾದರಸ ತೆಗೀತೀವಿ ಅನ್ನೋರಿಗೆ ದುಡ್ಡು ಸುರಿದ್ರು. ಎಂಆರ್, ಎಂಎಂಆರ್ ಎರಡರಲ್ಲೂ ಪಾದರಸ ಇರೋದೇ ಇಲ್ಲ. ದುರ್ಬಲ ಮಾಡಿದ ಜೀವಂತ ವೈರಸ್ ಅದು, ಲಸಿಕೆ ಕೆಡದಿರಲಿ ಅಂತ ಹಾಕೋ ಪಾದರಸದ ಔಷಧಿ ಥಿಯೋಮರ್ಸಾಲ್ ಇದಕ್ಕೆ ಬೆರೆಸಿದ್ರೆ ಆ ವೈರಸ್ ಸತ್ತು ಲಸಿಕೆಯೇ ಕೆಟ್ಟುಹೋಗುತ್ತೆ. ಅಮೆರಿಕದಲ್ಲಿ 2001ರ ಹೊತ್ತಿಗೆ ಮಕ್ಕಳ ವಾಡಿಕೆ ಲಸಿಕೆಗಳಿಂದ ಆ ಥಿಯೋಮರ್ಸಾಲ್ ತೆಗೆದರು, ಆಟಿಸಂ ಲೆಕ್ಕ ಇಳೀಲಿಲ್ಲ. ಇಷ್ಟೆಲ್ಲ ಅಲೆದು ಹುಡುಗನಿಗೆ ಮಾತಿನ ತರಬೇತಿ ಶುರುವಾಗಿದ್ದು ಐದು ವರ್ಷ ತುಂಬಿದ ಮೇಲೆ. ಹೆದರಿಕೊಂಡು ಚಿಕ್ಕವಳಿಗೆ ಒಂದು ಸೂಜಿನೂ ಹಾಕಿಸಲಿಲ್ಲ. ಅವಳಿಗೆ ದಡಾರ ಎದ್ದಾಗ ಬಾಗಿಲಿಗೆ ಬೇವಿನಸೊಪ್ಪು ಕಟ್ಟಿ ಮನೇಲೇ ಇಟ್ಕೊಂಡ್ರು. ನ್ಯುಮೋನಿಯಾಕ್ಕೆ ತಿರುಗಿ ಪಕ್ಕೆ ಎಳೆಯೋಕೆ ಶುರುವಾದ ಮೇಲೆ ಆಸ್ಪತ್ರೆಗೆ ಓಡಿದ್ರು, ಆಕ್ಸಿಜನ್ ಕೊಡಬೇಕಾಯ್ತು. ಮತ್ತೆ ಹೇಳ್ತೀನಿ, ಮುಂದಕ್ಕೆ ಹಾಕಬೇಡ.

ಈ ಸುದ್ದಿ ಹುಟ್ಟಿದ್ದು 1998ರಲ್ಲಿ. ಲಂಡನ್ನಿನ ಡಾಕ್ಟರ್ ಆಂಡ್ರ್ಯೂ ವೇಕ್‌ಫೀಲ್ಡ್ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದ ಲೇಖನ, ಅದರಲ್ಲಿದ್ದದ್ದು ಬರೀ 12 ಮಕ್ಕಳು. ಲಸಿಕೆ ಕಂಪನಿಗಳ ಮೇಲೆ ಕೇಸಿಗೆ ತಯಾರಾಗ್ತಿದ್ದ ವಕೀಲರಿಂದ ಆತನಿಗೆ ದುಡ್ಡು ಹೋಗಿದ್ದನ್ನ ಬ್ರಯನ್ ಡೀರ್ ಅನ್ನೋ ಪತ್ರಕರ್ತ ಹೊರಗೆ ಹಾಕಿದ್ರು. 2010ರಲ್ಲಿ ಪತ್ರಿಕೆ ಲೇಖನ ವಾಪಸ್ ತಗೊಂಡಿತು, ಅದೇ ವರ್ಷ ವೈದ್ಯರ ಪಟ್ಟಿಯಿಂದ ಆತನ ಹೆಸರು ಹೊಡೆದುಹಾಕಿದ್ರು. ಡೆನ್ಮಾರ್ಕಿನವರು 6,57,461 ಮಕ್ಕಳ ದಾಖಲೆ ನೋಡಿ 2019ರಲ್ಲಿ ಹೇಳಿದ್ರು, ಎಂಎಂಆರ್ ಹಾಕಿಸಿಕೊಂಡವರಲ್ಲಿ ಆಟಿಸಂ ಜಾಸ್ತಿ ಇಲ್ಲ ಅಂತ. ಒಡಹುಟ್ಟಿದವರಿಗೆ ಆಟಿಸಂ ಇದ್ದ ಮಕ್ಕಳಲ್ಲೂ ಇಲ್ಲ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಆ ಹುಡುಗನ ತಾಯಿ ಅಷ್ಟು ಗಾಬರಿಯಾಗಿ ಡಾಕ್ಟರನ್ನ ಕೇಳಿದ್ರೆ, ಮುಖ ಕೂಡ ಎತ್ತದೆ ಏನೂ ಆಗಲ್ಲ ಹೋಗಮ್ಮ ಅಂದ್ರಂತೆ. ಎರಡು ನಿಮಿಷ ಬಿಡಿಸಿ ಹೇಳಿದ್ದಿದ್ರೆ ಚಿಕ್ಕವಳಿಗೆ ಆ ಗತಿ ಬರ್ತಿರಲಿಲ್ಲ. ಮನೇಲಿ ಅತ್ತೆ ಮಾವ ಎಲ್ಲ ಆ ತಾಯಿಯನ್ನೇ ಅಂದ್ರು, ನೀನೇ ತಾನೆ ಸೂಜಿಗೆ ಎತ್ಕೊಂಡು ಹೋಗಿದ್ದು ಅಂತ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಎಂಆರ್ ಅಭಿಯಾನ ಶುರುವಾದಾಗಲೂ ವಾಟ್ಸಾಪಲ್ಲಿ ಇಂಥವೇ ಓಡಾಡಿದ್ವು. ಬಿಸಿಲಲ್ಲಿ ಐಸ್ ಬಾಕ್ಸ್ ಹೊತ್ಕೊಂಡು ಬಂದ ಸಿಸ್ಟರು, ಆಶಾ ಹೆಣ್ಣುಮಕ್ಕಳು ಬೈಸ್ಕೊಂಡ್ರು. ಫಾರ್ವರ್ಡ್ ಮಾಡಿದೋರನ್ನ ಒಬ್ಬರೂ ಕೇಳಲಿಲ್ಲ.

ಅಯ್ಯೋ, ನಾಳೇದು ಹೇಳೋದೇ ಬಿಟ್ಟೆ. ಎಂಆರ್ ಬಲಗೈ ತೋಳಿಗೆ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯೋ ಡಿಪಿಟಿ ತೊಡೆಗೆ, ಪೋಲಿಯೊ ಹನಿ ಬಾಯಿಗೆ. ಎಂಆರ್ ಪುಡಿ ಕಲಸಿದ ಟೈಮು ಬಾಟ್ಲಿ ಮೇಲೆ ಬರೆದಿರ್ತಾರೆ, ಕೇಳಿ ನೋಡು. 4 ಗಂಟೆ ದಾಟಿದ್ದು ಬೇಡ, ಕೆಡದ ಹಾಗೆ ಇಡೋ ಔಷಧಿ ಅದರಲ್ಲಿ ಇಲ್ಲ, ಕ್ರಿಮಿ ಬೆಳೆಯುತ್ತೆ. ನೆಗಡಿ ಇದ್ರೂ ಹಾಕಿಸಬಹುದು. ಹಿಂದಿನ ಸೂಜಿಗೆ ಫಿಟ್ಸ್ ಬಂದಿದ್ರೆ, ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ರೆ ಮೊದಲೇ ಹೇಳಬೇಕು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತ್ಕೊ. ಡಿಪಿಟಿ ಜ್ವರ ಒಂದೆರಡು ದಿನದಲ್ಲಿ ಬರುತ್ತೆ. ಎಂಆರ್ ಜ್ವರ ಬಂದ್ರೆ 7ರಿಂದ 12ನೇ ದಿನದೊಳಗೆ, ಸಣ್ಣ ಗುಳ್ಳೆ ಏಳಬಹುದು, ಗಾಬರಿಯಾಗಬೇಡ. ಪಾಪು 10 ಕೆಜಿ ಇದ್ರೆ ಪ್ಯಾರಸಿಟಮಾಲ್ 125ರ ಸಿರಪ್ (ಅಂದ್ರೆ 5 ಎಂಎಲ್‌ಗೆ 125 ಮಿಲಿಗ್ರಾಂ ಇರೋದು) 5 ಎಂಎಲ್, 250ರದಾದ್ರೆ ಎರಡೂವರೆ ಎಂಎಲ್, 6 ಗಂಟೆಗೊಂದು ಸಲ. ಡ್ರಾಪ್ಸ್ ಬಾಟ್ಲಿಯದು ತುಂಬ ಗಟ್ಟಿ, 1 ಎಂಎಲ್‌ಗೇ 100 ಮಿಲಿಗ್ರಾಂ. ಅದನ್ನ ಸಿರಪ್ ಅಳತೇಲಿ ಕುಡಿಸಿದ್ರೆ ಲಿವರಿಗೆ ಏಟು.

ಹೆಸರು ಕೂಗಿದ್ರೆ ತಿರುಗ್ತಾನಾ, ಬೇಕಾದ್ದನ್ನ ಬೆರಳು ಮಾಡಿ ತೋರಿಸ್ತಾನಾ, ಒಂದೆರಡು ಮಾತು ಬಂದಿದೆಯಾ ಅಂತ ನೋಡ್ಕೊ. ಇಲ್ಲ ಅನ್ನಿಸಿದ್ರೆ ಸೂಜಿ ಹಾಕಿಸಿ, ಕೋಲಾರದ ಜಿಲ್ಲಾಸ್ಪತ್ರೆಯ ಡಿಇಐಸಿಗೆ, ಅಂದ್ರೆ ಮಕ್ಕಳ ಬೆಳವಣಿಗೆ ತೊಂದರೆ ಬೇಗ ಪತ್ತೆ ಮಾಡೋ ಕೇಂದ್ರಕ್ಕೆ, ಇದೇ ತಿಂಗಳು ಕರ್ಕೊಂಡು ಹೋಗು, ದುಡ್ಡು ಕೇಳಲ್ಲ. ತಾಯಿ ಕಾರ್ಡ್ ತಗೊಂಡು ಹೋಗು, ತಾರೀಖು ಬರೆಸಿ ಫೋಟೊ ಹೊಡೆದು ನನಗೆ ಕಳಿಸು.