ಗುಂಪಿನಲ್ಲಿ ಹೂತ ಜೀಪು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 43 ಜನ. ಬಾಯಿ ಬಿಡುವವರು ಏಳೆಂಟು ಮಂದಿ ಅಷ್ಟೆ. ಉಳಿದವರು ಸುಮ್ನೆ ಓದುತ್ತಾರೆ, ಮಾರನೆ ದಿನ ಫೋನ್ ಮಾಡಿ "ಅವರು ಹೇಳಿದ್ದು ನೋಡಿದೆಯಾ?" ಎಂದು ಕೇಳುತ್ತಾರೆ.

ಮೊನ್ನೆ ಆದಿತ್ಯವಾರ ರಾತ್ರಿ ಉಡುಪಿಯಲ್ಲಿ ಧೋ ಎಂದು ಮಳೆ. ಎಂಟೂವರೆಗೆ ಅಕ್ಕ ಒಂದು ಫಾರ್ವರ್ಡ್ ಹಾಕಿದಳು. ಯಾವುದೋ ಬೀಚಿನಲ್ಲಿ ಮಹೀಂದ್ರಾದ ಕಪ್ಪು ಥಾರ್ ಜೀಪು ಒಂದು ಆಕ್ಸಲ್‌ವರೆಗೆ ಮರಳಲ್ಲಿ ಹೂತಿದೆ, ತೆರೆ ಬಂದು ಬಾಗಿಲಿಗೆ ಬಡಿಯುತ್ತಿದೆ. ಕೆಳಗೆ ಬರಹ: "ಲಕ್ಷಗಟ್ಟಲೆ ಸುರಿದು ಫೋರ್ ಬೈ ಫೋರ್ ತಗೊಂಡರೂ ಇದೇ ಗತಿ. ನಿಮ್ಮ ಮಕ್ಕಳಿಗೆ ತೋರಿಸಿ." ಫೋರ್ ಬೈ ಫೋರ್ ಅಂದರೆ ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿ.

ಅಕ್ಕ ತೋರಿಸಿದಳು. ಅವಳ ಮಗ, ಅಂದರೆ ನನ್ನ ಸೋದರಳಿಯ, ಮಣಿಪಾಲದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ. ಹೋದ ತಿಂಗಳು ಥಾರ್ ಬುಕ್ ಮಾಡಿದ್ದಾನೆ. ಮನೆಯಲ್ಲಿ ಹೇಳಿ ಹೇಳಿ ಸಾಕಾಗಿ ಅವಳು ಗುಂಪಿನ ದಾರಿ ಹಿಡಿದದ್ದು.

ಮೊದಲು ಎದ್ದವರು ಮಂಗಳೂರಿನ ಬಾವ.

ಬಾವ: ಇದು ಯಾವ ಬೀಚು? ಯಾವಾಗಿನದ್ದು?
ಅಕ್ಕ: ಮಲ್ಪೆ ಅಂತೆ.
ಬಾವ: ಅಂತೆ ಅಂದರೆ ಯಾರು ಹೇಳಿದ್ದು ಅತ್ತಿಗೆ?
ಅಕ್ಕ: ಯೋಗ ಕ್ಲಾಸಿನ ಗುಂಪಲ್ಲಿ ಬಂದದ್ದು.
ಬಾವ: ಹಿಂದೆ ಇಷ್ಟು ದೊಡ್ಡ ಗುಡ್ಡ ಕಾಣ್ತದೆ. ಮಲ್ಪೆ ಬೀಚಲ್ಲಿ ಗುಡ್ಡ ಎಲ್ಲಿ ಉಂಟು?
ಅಕ್ಕ: ಗುಡ್ಡ ಇದ್ದರೆಂತ, ಇಲ್ಲದಿದ್ದರೆಂತ? ಗಾಡಿ ಹೂತದ್ದು ಹೌದಲ್ವಾ?

ಇದಕ್ಕೆ ಬಾವನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಬಂದರು. ದೊಡ್ಡಪ್ಪ ಫೋಟೋ ತೆರೆಯುವುದೇ ಇಲ್ಲ, ಡೇಟಾ ಖರ್ಚು ಅಂತ.

ದೊಡ್ಡಪ್ಪ: ಶುಭಕಾರ್ಯ ಇಲ್ಲದ ಆಟಿ ತಿಂಗಳಲ್ಲಿ ಯಾರಾದರೂ ಹೊಸ ಗಾಡಿ ತೆಗೆಯುತ್ತಾರಾ? ಈಗಿನ ಮಕ್ಕಳಿಗೆ ಕೈಯಲ್ಲಿ ನಾಲ್ಕು ಕಾಸು ಬಂದರೆ ಕಾಲು ನೆಲದಲ್ಲಿ ನಿಲ್ಲುವುದಿಲ್ಲ.
ಅಳಿಯ: ಡೆಲಿವರಿ ಅಷ್ಟಮಿ, ವಿಟ್ಲಪಿಂಡಿ ಎಲ್ಲ ಕಳೆದ ಮೇಲೆ, ಅಜ್ಜ.
ದೊಡ್ಡಪ್ಪ: ಬುಕ್ ಮಾಡಿದ್ದು ಆಟಿಯಲ್ಲೇ ಅಲ್ವಾ?

ಬಾವನಿಗೆ ಮತ್ತೆ ಉಸಿರು ಬಂತು. ಒಂದರ ಹಿಂದೆ ಒಂದು ಹಾಕಿದರು. ಮರಳಿಗೆ ಇಳಿಯುವ ಮೊದಲು ಟಯರಿನ ಗಾಳಿ ಅರ್ಧದಷ್ಟು ಇಳಿಸಬೇಕು. ಆಗ ಟಯರು ಅಗಲವಾಗಿ ಕೂರುತ್ತದೆ, ಬೇಗ ಹೂತುಹೋಗುವುದಿಲ್ಲ. ಒದ್ದೆ ಮರಳು ಗಟ್ಟಿ ಅಂತ ತೆರೆಯ ಹತ್ತಿರ ಹೋದರೆ, ನೀರು ವಾಪಸ್ ಹೋಗುವಾಗ ಚಕ್ರದ ಅಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಥಾರ್ ಇಳಿಯಬಹುದಾದ ನೀರಿನ ಆಳ 650 ಮಿಲಿಮೀಟರ್ ಅಂತ ಕಂಪನಿಯೇ ಹೇಳಿದೆ. ಅದಕ್ಕಿಂತ ಜಾಸ್ತಿ ನೀರಿದ್ದು ಇಂಜಿನ್ ನೀರು ಎಳೆದುಕೊಂಡರೆ ಒಳಗಿನ ರಾಡು ಬಗ್ಗುತ್ತದೆ. ನಿಂತ ಗಾಡಿಯನ್ನು ಪುನಃ ಸ್ಟಾರ್ಟ್ ಮಾಡಿದರೆ ಇನ್ಶೂರೆನ್ಸಿನವರೂ ಕೈ ಎತ್ತುತ್ತಾರೆ. ಫೋರ್ ಬೈ ಫೋರ್ ಗಾಡಿ ಎಳೆಯುತ್ತದೆ, ಬೇಗ ನಿಲ್ಲಿಸುವುದಿಲ್ಲ. ಬ್ರೇಕು ಆಲ್ಟೋದಲ್ಲೂ ನಾಲ್ಕು ಚಕ್ರಕ್ಕೇ ಇರುವುದು.

ಎಲ್ಲ ಸರಿಯಾದ ಮಾತೇ. ಒಬ್ಬರೂ ಓದಲಿಲ್ಲ.

ಬಾವ: ಫೋರ್ ಎಲ್ ಯಾವಾಗ ಹಾಕ್ಬೇಕು ಅಂತ ಗೊತ್ತುಂಟಾ ನಿಂಗೆ?

ಫೋರ್ ಎಲ್ ಅಂದರೆ ನಾಲ್ಕೂ ಚಕ್ರವನ್ನು ನಿಧಾನಕ್ಕೆ, ಹೆಚ್ಚು ಬಲದಲ್ಲಿ ಎಳೆಸುವ ಗೇರು. ಅಳಿಯ ಹೆಬ್ಬೆರಳು ಒಂದು ಹಾಕಿದ. ಮುಂದೆ ಮಾತಿಲ್ಲ.

ಬಾವ: ಎದುರಿಗೆ ಕಬ್ಬಿಣದ ಗಾರ್ಡ್ ಹಾಕ್ಸುದಾದರೆ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸರಕಾರ ಅದನ್ನು ಹಾಕಬಾರದು ಅಂದಿದೆ.
ಅತ್ತೆ: ನಿಮ್ಮ ಹಳೆ ಬೊಲೆರೋದಲ್ಲಿ ಇತ್ತಲ್ಲ ಬಾವ, ನನ್ನ ಸೀರೆ ಸಿಕ್ಕಿ ಹರಿದದ್ದು?
ಬಾವ: ಅದು 2011ರಲ್ಲಿ.
ಅತ್ತೆ: ಸೀರೆ ಹರಿದದ್ದು ಹರಿದದ್ದೇ.

ಆಗ ಮುಂಬೈಯ ಅಣ್ಣ ಎದ್ದ. ಅವನು ಬಂದರೆ ಗುಂಪು ನಲವತ್ತು ವರ್ಷ ಹಿಂದೆ ಹೋಗುತ್ತದೆ.

ಮುಂಬೈ ಅಣ್ಣ: ಜೀಪು ಅಂದರೆ ಅಜ್ಜನ ವಿಲ್ಲಿಸ್. ಮಳೆಗಾಲದಲ್ಲಿ ತೋಡು ದಾಟಿಸ್ತಿದ್ದದ್ದು ಯಾರಿಗೆಲ್ಲ ನೆನಪುಂಟು?

ನನಗೂ ನೆನಪಿದೆ. ಹೆಬ್ರಿಯ ಮನೆಗೆ ಹೋಗುವ ದಾರಿಯ ಆ ತೋಡಿಗೆ ಆಗ ಅಡಿಕೆ ಮರದ ಸಂಕ ಮಾತ್ರ. ಜೀಪು ನೀರಿಗೇ ಇಳಿಯಬೇಕು. ಅಜ್ಜ ಮುಂಡು ಎತ್ತಿ ಕಟ್ಟಿ, ಬಿದಿರು ಕೋಲು ಹಿಡಿದು ಮೊದಲು ತಾವೇ ಆಚೆ ದಡದವರೆಗೆ ನಡೆಯುತ್ತಿದ್ದರು. ನೀರು ಮೊಣಕಾಲಿನ ಚಿಪ್ಪು ಮುಳುಗಿಸಿದರೆ ಆ ದಿನ ದಾಟುವುದಿಲ್ಲ. ಮುಳುಗದಿದ್ದರೆ ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಕಳಚಿ ನನ್ನ ಕೈಗೆ ಕೊಡುತ್ತಿದ್ದರು. ಪೆಟ್ರೋಲ್ ಇಂಜಿನ್, ಫ್ಯಾನು ತಿರುಗಿ ನೀರು ಎರಚಿದರೆ ಪ್ಲಗ್ಗು ಒದ್ದೆಯಾಗಿ ನಡುತೋಡಿನಲ್ಲಿ ನಿಲ್ಲುತ್ತದೆ. ಬೆಲ್ಟು ಬಿಸಿಬಿಸಿ, ಕರಿ ಎಣ್ಣೆಯ ವಾಸನೆ. ಆಚೆ ದಡದಲ್ಲಿ ಪುನಃ ಹಾಕುವವರೆಗೆ ನಾನು ಅದನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದೆ. ಎಷ್ಟು ಅಂಗಿ ಹಾಳಾಯಿತೋ! 650 ಮಿಲಿಮೀಟರ್ ಅಂದರೆ ಹೆಚ್ಚು ಕಡಿಮೆ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಅಜ್ಜನ ಲೆಕ್ಕ ಕಂಪನಿಯದ್ದಕ್ಕಿಂತ ಬಿಗಿ.

ಇದನ್ನು ಗುಂಪಿನಲ್ಲಿ ಬರೆಯೋಣ ಎಂದು ಟೈಪ್ ಮಾಡುತ್ತಿದ್ದೆ. ಆಗಲೇ ಮಾತು ಹಾಳಾಗಿತ್ತು.

ಮುಂಬೈ ಅಣ್ಣ: ಆ ಜೀಪು ಇವತ್ತು ಇದ್ದಿದ್ದರೆ ಚಿನ್ನ. ಯಾರನ್ನೂ ಕೇಳದೆ ಮಾರಿದರಲ್ಲ.
ದೊಡ್ಡಪ್ಪ: ಯಾರನ್ನು ಕೇಳಬೇಕಿತ್ತು? ನೆಲದ ತಗಡು ತುಕ್ಕು ಹಿಡಿದು, ಕೂತಲ್ಲಿಂದ ರಸ್ತೆ ಕಾಣುತ್ತಿತ್ತು. ರಿಪೇರಿಗೆ ಮುಂಬೈಯಿಂದ ಒಂದು ರೂಪಾಯಿ ಬಂದಿದೆಯಾ?
ಮುಂಬೈ ಅಣ್ಣ: ಕೇಳಿದ್ದರೆ ಅಲ್ವಾ ಕಳಿಸುದು?
ಅತ್ತೆ: 40 ಸಾವಿರಕ್ಕೆ ಹೋದದ್ದು ಅಂತ ಆಗ ಹೇಳಿದ್ದು. ನಮಗೆ ಕಾಸು ಕಾಣಲಿಲ್ಲ.
ದೊಡ್ಡಪ್ಪ: ಅದು ಅಮ್ಮನ ಕಣ್ಣಿನ ಆಪರೇಷನ್ನಿಗೆ ಹೋಯಿತು.
ಅತ್ತೆ: ಆಪರೇಷನ್ನಿಗೆ ನನ್ನ ಬಳೆ ಹೋದದ್ದಲ್ವಾ?

ಐದು ನಿಮಿಷ ಯಾರೂ ಬರೆಯಲಿಲ್ಲ. ಚಿಕ್ಕಮ್ಮ ಒಬ್ಬರು ಹಿಂದಿನದ್ದು ಏನೂ ನೋಡದೆ ಕೃಷ್ಣಮಠದ ಅಲಂಕಾರದ ಫೋಟೋ ಹಾಕಿದರು. 19 ಜನ ಕೈ ಮುಗಿದರು, ಜಗಳ ಮಾಡುತ್ತಿದ್ದವರೂ ಸೇರಿ.

ಆ ಕೈ ಮುಗಿದದ್ದರ ನಡುವೆ, 10 ಗಂಟೆ 12 ನಿಮಿಷಕ್ಕೆ, ಬಾವನ ಮಗಳು ಒಂದು ಸಾಲು ಬರೆದಳು. ಹತ್ತನೇ ಕ್ಲಾಸಿನವಳು, ಗುಂಪಿಗೆ ಸೇರಿಸಿದ್ದು ಈ ಯುಗಾದಿಗೆ.

"ಫೋಟೋ ದೊಡ್ಡದು ಮಾಡಿ ನೋಡಿ. ಹಿಂದಿನ ಚಕ್ರದ ಮೇಲೆ ಫೋರ್ ಬೈ ಫೋರ್ ಅಂತ ಬರೆದೇ ಇಲ್ಲ. ಇದು ಟೂ ವೀಲ್ ಡ್ರೈವ್ ಥಾರ್."

ದೊಡ್ಡದು ಮಾಡಿ ನೋಡಿದೆ. ಹುಡುಗಿ ಹೇಳಿದ್ದು ಸರಿ. 2023ರ ಜನವರಿಯಲ್ಲಿ ಕಂಪನಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ ಥಾರ್ ಬಿಟ್ಟಿತು, ಆಗ ಶೋರೂಮ್ ಬೆಲೆ 9.99 ಲಕ್ಷದಿಂದ ಶುರು. ದೂರದಿಂದ ನೋಡಿದರೆ ಎರಡೂ ಒಂದೇ. ಹೊರಗೆ ಆ ಬರಹ ಇಲ್ಲ, ಒಳಗೆ ಗೇರಿನ ಪಕ್ಕ ಫೋರ್ ಎಲ್ ಹಾಕುವ ಇನ್ನೊಂದು ಕಡ್ಡಿ ಇಲ್ಲ, ಅಷ್ಟೆ. ಸಡಿಲ ಮರಳಿನಲ್ಲಿ ಹಿಂದಿನ ಎರಡು ಚಕ್ರ ತಿರುಗುತ್ತಾ ಗುಂಡಿ ತೋಡುತ್ತವೆ, ಮುಂದಿನವು ಸುಮ್ನೆ ನೋಡುತ್ತವೆ. ಎರಡು ಗಂಟೆ ಜಗಳಕ್ಕೆ ಕಾರಣವಾದ, ಫೋಟೋದ ಕೆಳಗಿನ ಆ ಫಾರ್ವರ್ಡಿನ ಮಾತೇ ಸುಳ್ಳು.

ನಾನು ಅವಳ ಸಾಲಿಗೆ ಹೆಬ್ಬೆರಳು ಹಾಕಿದೆ. ಬೇರೆ ಯಾರೂ ಹಾಕಲಿಲ್ಲ. ಅವಳ ಅಪ್ಪನೂ. ಗುಂಪಿನಲ್ಲಿ ಬಳೆಯ ತೂಕ ಎಷ್ಟಿತ್ತು ಎಂಬ ವಿಚಾರ ಶುರುವಾಗಿತ್ತು.

ಮಲಗುವ ಮೊದಲು ಫೋನ್ ಟಿಂಗ್ ಎಂದಿತು. ಗುಂಪಿನದ್ದಲ್ಲ, ಅಳಿಯ ನನಗೊಬ್ಬನಿಗೇ ಕಳಿಸಿದ್ದು.

"ಮಾವ, ಬುಕ್ ಮಾಡಿದ ದುಡ್ಡು ವಾಪಸ್ ಕೊಡ್ತಾರಾ? ನಂದು ಆ ಕಡ್ಡಿ ಇಲ್ಲದ್ದೇ. ಅಮ್ಮನಿಗೆ ಹೇಳ್ಬೇಡಿ."